ಹುಡುಗಿಯರ ಸಾಲಿನಲ್ಲಿ ಮಾದು

ತಪ್ಪಿತಸ್ಥ ಯಾರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಹುಡುಕುವ ಶ್ರಮ ನಿಮಗೆ ಬೇಡ. ನಾನೇ. ಒಂದು ಮಗುವಿನ ವಿಷಯವನ್ನು ಕೊಳ್ಳೇಗಾಲದ ಟೀ ಅಂಗಡಿಯೊಂದರಲ್ಲಿ ನಾಲ್ಕು ಜನ ಮೇಷ್ಟರ ನಗುವಿಗಾಗಿ ಹರಾಜು ಹಾಕಿದವನು ನಾನು. ನಗು ಚೆನ್ನಾಗಿಯೇ ಬಂತು. ಆಮೇಲೆ ಬಂದದ್ದನ್ನು ಈಗ ಬರೆಯುತ್ತಿದ್ದೇನೆ.

ಹೊಸದಾಗಿ ದೈಹಿಕ ಶಿಕ್ಷಕರಾಗಿ ಸೇರುವ ಮಕ್ಕಳು ಆಗಾಗ ನನ್ನ ಹತ್ತಿರ ಬಂದು, “ಸರ್, ನಿಮ್ಮ ಕಾಲದಲ್ಲಿ ಹೇಗಿತ್ತು?” ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಮೊದಲನೆಯದಾಗಿ ನಾವು ದೈಹಿಕ ಶಿಕ್ಷಕರೇ ಆಗಿರಲಿಲ್ಲ, ಡ್ರಿಲ್ ಮೇಷ್ಟ್ರು. ಸಂಸ್ಕೃತದ ಮೇಷ್ಟ್ರು ರಜೆ ಹಾಕಿದರೆ ಅವರ ಕ್ಲಾಸಿಗೆ ನಾವು, ಗಂಟೆ ಹೊಡೆಯುವವನು ಬರದಿದ್ದರೆ ಗಂಟೆಗೆ ನಾವು, ಸಾಹೇಬರು ಬರುವ ದಿನ ಬಾಗಿಲಿಗೆ ಬಾಳೆಕಂಬ ಕಟ್ಟಲು ನಾವು. ಉಳಿದ ಹೊತ್ತಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು. ನಮ್ಮ ವಿದ್ಯೆಯೆಲ್ಲ ಆ ಸಾಲಿನಲ್ಲೇ ಇತ್ತು. ಯಾರು ಯಾರ ಹಿಂದೆ, ಯಾರು ಯಾವ ಕಡೆ ಅನ್ನುವುದನ್ನು ವಿಷಲ್ ಊದಿ ಹೇಳಬೇಕು. ಕೇಳಲು ಸುಲಭ.

ಹನೂರಿನ ಒಂದು ಮಿಡ್ಲ್ ಸ್ಕೂಲಿಗೆ ನಾನು ಹೋದಾಗ ನನಗೆ ಇಪ್ಪತ್ತೆರಡು. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿದ್ದೆ. ಎರಡು ಖಾಕಿ ಚಡ್ಡಿ, ಒಂದು ವಿಷಲ್, ಮತ್ತು ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೇ ಆಡಿ ತೋರಿಸುವ ಒಂದು ಚಟ, ಇಷ್ಟೇ ನನ್ನ ಆಸ್ತಿ. ಕೊಳ್ಳೇಗಾಲದ ಸೀಮೆ ಐವತ್ತಾರರವರೆಗೆ ಮದ್ರಾಸಿಗೆ ಸೇರಿತ್ತು. ನಾನು ಹೋಗುವ ಹೊತ್ತಿಗೆ ಮೈಸೂರಿಗೆ ಬಂದು ಕೆಲವು ವರ್ಷ ಆಗಿದ್ದರೂ ಶಾಲೆಯ ಅರ್ಧ ಜೀವ ಇನ್ನೂ ಕೊಯಮತ್ತೂರಿನಲ್ಲೇ ಇತ್ತು. ಹೆಡ್ಮೇಷ್ಟ್ರು ನಂಜುಂಡಪ್ಪನವರು ಅಲ್ಲೇ ಓದಿದವರು, ಸಿಟ್ಟು ಬಂದರೆ ತಮಿಳಿನಲ್ಲಿ ಎಣಿಸುತ್ತಿದ್ದರು. ನಾನು ಕಬಡ್ಡಿ ಎಂದರೆ ಮಕ್ಕಳು ಚೆಡುಗುಡು ಎನ್ನುತ್ತಿದ್ದವು. ನನಗಿಂತ ಹಿಂದಿದ್ದ ಮೇಷ್ಟ್ರು “ಅಟೆನ್ಷನ್” ಎಂದು ಕಲಿಸಿದ್ದರು, ನಾನು ಹೊಸ ಪದ್ಧತಿಯಂತೆ “ಸಾವಧಾನ್!” ಎಂದು ಕೂಗಿದೆ. ಇಡೀ ಶಾಲೆ ಬಹಳ ಸಾವಧಾನವಾಗಿ, ಬಿಸಿಲು ಕಾಯಿಸಿಕೊಳ್ಳುವ ಎಮ್ಮೆಗಳ ಹಾಗೆ, ಒಂದೊಂದೇ ಕಾಲು ಜೋಡಿಸಿತು. “ಬೇಗ ನಿಲ್ಲಿ!” ಎಂದರೆ, “ನೀವೇ ಮೆಲ್ಲುಗೆ ಅಂದ್ರಲ್ಲಾ ಸಾ” ಎಂದವು.

ಹೆಡ್ಮೇಷ್ಟರ ದನಿ ನನಗೆ ಮೂರನೇ ದಿನಕ್ಕೇ ಒಲಿಯಿತು. ಪ್ರತಿ ವಾಕ್ಯಕ್ಕೂ ಮುಂಚೆ “ಏನಪ್ಪಾ ಅಂತಂದ್ರೆ” ಬರಬೇಕು, ಮೂಗಿನಿಂದ ಬರಬೇಕು. ಒಂದು ದಿನ ನೀರಿನ ತೊಟ್ಟಿಯ ಹಿಂದೆ ನಿಂತು, “ಏನಪ್ಪಾ ಅಂತಂದ್ರೆ, ಇವತ್ತು ಅರ್ಧ ದಿನ ರಜಾ!” ಎಂದೆ. ತಮಾಷೆಗೆ. ಶಾಲೆ ತಮಾಷೆಗೆ ತೆಗೆದುಕೊಳ್ಳಲಿಲ್ಲ, ಮೂರು ನಿಮಿಷದಲ್ಲಿ ಖಾಲಿಯಾಯಿತು. ಮೇಷ್ಟ್ರುಗಳಲ್ಲೂ ಇಬ್ಬರು ಹೋಗಿದ್ದರು.

ಮಾರನೆಯ ದಿನ ನಂಜುಂಡಪ್ಪನವರು ನನ್ನನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಮುಂದೆ ಕರೆದರು. “ಕ್ಷಮೆ ಕೇಳಿ ಡ್ರಿಲ್ ಮೇಷ್ಟ್ರೆ” ಎಂದರು. ಬಾಯಿ ತೆರೆದೆ. “ಹಾಗಲ್ಲ. ನನ್ನ ದನೀಲಿ ಕೇಳಿ. ಏನಪ್ಪಾ ಅಂತಂದ್ರೆ, ನಾನು ಯಾರನ್ನೂ ಕ್ಷಮೆ ಕೇಳಿದ್ದೇ ಇಲ್ಲ. ಕೇಳಿದ್ರೆ ಹೇಗಿರುತ್ತೋ ನಂಗೂ ಕೇಳ್ಬೇಕು ಅಂತ ಆಸೆ.” ಕೇಳಿದೆ. ಅವರು ಕಣ್ಣು ಮುಚ್ಚಿ ಆಲಿಸಿದರು. “ಪರವಾಗಿಲ್ಲ” ಎಂದರು. ಇಂಥ ಮೇಲಧಿಕಾರಿ ನಿಮಗೂ ಸಿಗಲಿ ಎಂದು ಹಾರೈಸುತ್ತೇನೆ.

ಇನ್ನು ಮಾದುವಿನ ವಿಷಯ.

ಶಾಲೆಗೆ ಸೇರಿದ ಮೊದಲ ವಾರ ಗಂಡು, ಹೆಣ್ಣು ಎರಡು ಸಾಲು ಮಾಡುತ್ತಿದ್ದೆ. ಹುಡುಗರ ಸಾಲಿನ ತುದಿಯಲ್ಲಿ ಒಂದು ಹುಡುಗಿ ನಿಂತಿತ್ತು. ಹನ್ನೆರಡು ವರ್ಷ ಇರಬಹುದು. ಲಂಗ, ಎರಡು ಜಡೆ, ಮೂಗುಬೊಟ್ಟು, ಕೈಯಲ್ಲಿ ಕರಿಬಳೆ. “ಏಯ್, ನೀನ್ಯಾಕಮ್ಮ ಇಲ್ಲಿ? ಹೋಗು ಆ ಕಡೆ” ಎಂದೆ. ಅದು ನನ್ನ ಮುಖ ನೋಡಿತು. “ನಾನಾ ಸಾ?” ಎಂದಿತು. “ಹೂಂ, ನೀನೇ. ಹೆಸರೇನು?” “ಮಾದು.” “ಓಡು ಮಾದು.” ಓಡಿತು. ಅಷ್ಟು ಬೇಗ ಯಾರೂ ನನ್ನ ಆಜ್ಞೆ ಪಾಲಿಸಿರಲಿಲ್ಲ. ಶಾಲೆಯೆಲ್ಲ ಕಿಸಿಕಿಸಿ ನಕ್ಕಿತು. ನನ್ನ ಚಡ್ಡಿಗೆ ನಗುತ್ತಿವೆ ಅಂದುಕೊಂಡೆ.

ಅವತ್ತೇ ಹುಡುಗಿಯರಿಗೆ ಖೋಖೋ ಶುರುಮಾಡಿಸಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆಟಗಾರರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿರುತ್ತಾರೆ, ಅಟ್ಟಿಸಿಕೊಂಡು ಹೋಗುವವಳು ಹಿಂದಿನಿಂದ ಬಂದು ಒಬ್ಬಳ ಬೆನ್ನು ಮುಟ್ಟಿ “ಖೋ” ಎನ್ನಬೇಕು, ಆಗ ಇವಳೆದ್ದು ಅಟ್ಟಬೇಕು. ಬೆನ್ನು ಮುಟ್ಟದೆ ಬರೀ ಬಾಯಲ್ಲಿ ಅಂದರೆ ತಪ್ಪು. ಮಾದುವಿನ ಬೆನ್ನಿಗೆ ಮೊದಲ ಖೋ ಬಿದ್ದಾಗ ಅದು ಎದ್ದು ಅಟ್ಟುವುದನ್ನೇ ಮರೆತು, ಬೆನ್ನು ಮುಟ್ಟಿಕೊಂಡು ನಗುತ್ತಾ ನಿಂತುಬಿಟ್ಟಿತು. ಆಟಕ್ಕೆ ದಂಡ ಅನ್ನಿಸಿತು. ಹಾಗೇ ಆಯಿತು ಕೂಡ. ಅಂಥ ಸೋಮಾರಿ ಓಟವನ್ನು ನನ್ನ ಇಡೀ ಸೇವೆಯಲ್ಲಿ ಕಂಡಿಲ್ಲ.

ಎರಡು ವಾರವಾದ ಮೇಲೆ ಮೇಷ್ಟ್ರುಗಳ ಕೋಣೆಯಲ್ಲಿ ಒಬ್ಬರು ಕೇಳಿದರು: “ಏನ್ರೀ, ಹುಡುಗೀರ ಟೀಮಿನಲ್ಲಿ ನಮ್ಮ ಮಾದೇವನ್ನೂ ಸೇರಿಸಿದ್ದೀರಂತೆ?” ಕೋಣೆಯೆಲ್ಲ ಮೇಜು ಬಡಿದು ನಕ್ಕಿತು. ಮಾದು ಗಂಡು ಕೂಸು, ಮಾದೇವ ಎಂದು ಎಲ್ಲರಿಗೂ ಗೊತ್ತಿತ್ತು, ಮೊದಲ ದಿನದಿಂದ. ಹೊಸಬ ಎಷ್ಟು ದಿನ ಮೂರ್ಖನಾಗಿರುತ್ತಾನೋ ನೋಡೋಣ ಎಂದು ಕಾದಿದ್ದರು.

ಆಮೇಲೆ ತಿಳಿಯಿತು. ಮಾದುವಿಗಿಂತ ಮುಂಚೆ ಹುಟ್ಟಿದ ಮೂರು ಗಂಡು ಕೂಸು ಉಳಿದಿರಲಿಲ್ಲ. ಇದು ಹುಟ್ಟಿದಾಗ ಅಜ್ಜಿ ಕೆಂಪಮ್ಮ ಮಾದಪ್ಪನ ಬೆಟ್ಟಕ್ಕೆ ಮುಡಿ ಹರಸಿಕೊಂಡು, ಮೂಗು ಚುಚ್ಚಿಸಿ, ಲಂಗ ತೊಡಿಸಿದಳು, ಗಂಡೆಂದು ಗೊತ್ತಾದರೆ ಸಾವು ಮತ್ತೆ ಮನೆ ಹುಡುಕಿಕೊಂಡು ಬಂದೀತು ಎಂದು. ಆ ಕಡೆ ಇದು ಹೊಸದಲ್ಲ. ನಾಲ್ಕೈದು ವರ್ಷಕ್ಕೆ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದು ಚಡ್ಡಿ ಹಾಕುತ್ತಾರೆ. ಇವರ ಮನೆಯಲ್ಲಿ ಒಂದಾದ ಮೇಲೊಂದು ಸೂತಕ, ಅಪ್ಪನೂ ತೀರಿಕೊಂಡ, ಹೀಗಾಗಿ ಬೆಟ್ಟ ಮುಂದಕ್ಕೆ ಹೋಗುತ್ತಲೇ ಇತ್ತು. ಮೈಸೂರಿನವನಾದ ನಾನು ಜಡೆ ಕಂಡೆ, ಹುಡುಗಿ ಎಂದೆ.

ಅವಮಾನವಾಗಿತ್ತಲ್ಲ, ಮಾರನೆಯ ದಿನವೇ ಜೋರು ದನಿಯಲ್ಲಿ ಮಾದುವನ್ನು ಹುಡುಗರ ಸಾಲಿಗೆ ಕಳಿಸಿದೆ. ಹೋಗಿ ನಿಂತಿತು. ಡ್ರಿಲ್ ಮುಗಿದ ಮೇಲೆ ನಾನು ಸುಣ್ಣದ ಡಬ್ಬ ಎತ್ತಿಕೊಳ್ಳುತ್ತಿದ್ದಾಗ ಹತ್ತಿರ ಬಂತು.

“ಸಾ, ಅವತ್ತು ನನ್ನ ಆ ಕಡೆ ನಿಲ್ಸುದ್ರಲ್ಲಾ. ಯಾರಾರ ಯೋಳ್ಕೊಟ್ಟಿದ್ರಾ?”

“ಇಲ್ಲ ಕಣೋ. ನಂಗೆ ಹಾಗೇ ಕಾಣಿಸ್ತು.”

“ಯಾರೂ ಯೋಳ್ದೆ, ನಿಮಗೇ ಅಂಗ್ ಕಂಡ್ತಾ?”

“ಹೂಂ.”

ಆ ಮುಖ ಅರಳಿದ್ದನ್ನು ಇವತ್ತಿಗೂ ಆಡಿ ತೋರಿಸಲು ನನ್ನಿಂದ ಆಗುವುದಿಲ್ಲ. “ಅಂಗಾರೆ ಸರಿಯಾಗೇ ಕಂಡದೆ ಸಾ. ಮತ್ಯಾಕೆ ತಿದ್ದಾಕೋದ್ರಿ?” ಎಂದಳು.

ಅಂದಳು ಎಂದೇ ಬರೆಯುತ್ತೇನೆ. ಅವತ್ತಿನಿಂದ ನನಗೆ ಬೇರೆ ರೀತಿ ಬಂದಿಲ್ಲ.

ಹೆಡ್ಮೇಷ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು, ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಮೇಜಿನ ಮೇಲಿಟ್ಟರು. “ಏನಪ್ಪಾ ಅಂತಂದ್ರೆ, ಡ್ರಿಲ್ ಹೊತ್ತಿನಲ್ಲಿ ನಾನು ಕನ್ನಡಕ ಹಾಕಲ್ಲ. ಹಾಕದಿದ್ರೆ ನಂಗೆ ಯಾವ ಸಾಲೂ ಕಾಣಲ್ಲ. ನೀವು ಚಿಕ್ಕವರು, ನಿಮ್ಮ ಕಣ್ಣು ಚೆನ್ನಾಗಿದೆ. ಕಂಡ ಹಾಗೆ ನಿಲ್ಸಿ.” ಅವತ್ತಿನಿಂದ ಡ್ರಿಲ್ ಗಂಟೆ ಹೊಡೆದರೆ ಸಾಕು, ಅವರು ಜಗುಲಿಗೆ ಬಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಮ್ಮೆ ಮೆಟ್ಟಿಲು ಕಾಣದೆ ಎಡವಿದರು ಕೂಡ.

ಹುಡುಗಿಯರು ಏನಂದರು ಎಂದು ನೀವು ಕೇಳಬಹುದು. ಅವರನ್ನು ನಾನೂ ಕೇಳಿದೆ. ಚಿಕ್ಕತಾಯಿ ಎಂಬ ಗಟ್ಟಿಗಿತ್ತಿ ಟೀಮಿನ ನಾಯಕಿ. “ನಮ್ಗ್ಯಾಕ್ ಸಾ ಬ್ಯಾಡ? ಚಿಕ್ಕುಂದ್ರಿಂದ ನಮ್ ಜೊತೇಲೇ ಸೌದೆಗೆ ಬತ್ತದೆ, ನೀರ್ಗೆ ಬತ್ತದೆ. ನಮ್ಗೆ ಬ್ಯಾಸ್ರ ಅಂದ್ರೆ ಒಂದೇಯ. ಓಡಾಕೆ ಬರಾಕಿಲ್ಲ” ಎಂದಳು. ಮಾದು ಅವಳ ಜಡೆ ಎಳೆದಳು, ಅಷ್ಟಕ್ಕೆ ವಿಚಾರಣೆ ಮುಗಿಯಿತು.

ಆ ಬೇಸಿಗೆಯಲ್ಲಿ ಕೊನೆಗೂ ಅವರು ಬೆಟ್ಟಕ್ಕೆ ಹೋಗಿಬಂದರು. ಶಾಲೆ ಮತ್ತೆ ತೆರೆದಾಗ ಮಾದುವಿನ ತಲೆ ಬೋಳು. ಮೈಮೇಲೆ ಲಂಗ ಮಾತ್ರ ಹಾಗೇ ಇತ್ತು. ಹಿಂದೆಯೇ ಅಜ್ಜಿ ಕೆಂಪಮ್ಮ. ರೇಷ್ಮೆ ಹುಳ ಸಾಕುವ ಮನೆಯವಳು, ಸೆರಗಿನಲ್ಲಿ ಯಾವಾಗಲೂ ಹಿಪ್ಪುನೇರಳೆ ಸೊಪ್ಪಿನ ವಾಸನೆ. ನನ್ನನ್ನು ಮರದ ಕೆಳಗೆ ಕರೆದಳು.

“ಮೇಷ್ಟ್ರೇ, ನೀವಾರ ಬುದ್ಧಿ ಯೋಳಿ ಅಂತ ಬಂದಿ. ಮಾದಪ್ಪ ಮುಡಿ ತಕಂಡ, ಅರಕೆ ತೀರ್ತು. ಇನ್ನು ಚಡ್ಡಿ ಆಕು ಅಂದ್ರೆ ಕೂಸು ಉಣ್ಣಾಕಿಲ್ಲ ಅಂತದೆ. ಎರಡೊತ್ತು ಉಣ್ನಿಲ್ಲ.”

“ನೀವೇನಂದ್ರಿ ಅಜ್ಜಿ?”

“ಏನನ್ನನೆ? ಉಸ್ರು ಉಳೀಲಿ ಅಂತ ತೊಡ್ಸಿದ್ ಬಟ್ಟೆ ಅದು. ಉಸ್ರೇ ಆ ಬಟ್ಟೇಲದೆ ಅಂದ್ರೆ ನಾ ಎಂಗಪ್ಪಾ ಬಿಚ್ಚುಸ್ಲಿ?”

“ಹಾಗಾದ್ರೆ ಬಿಚ್ಚಿಸ್ಬೇಡಿ” ಎಂದೆ. “ಊಂ, ಅದೇಯ, ಅದೇಯ” ಎಂದು ಸೆರಗು ಕೊಡವಿ ಹೊರಟುಹೋದಳು. ಯಾರಾದರೂ ಹಾಗೆ ಅನ್ನಲಿ ಎಂದೇ ಅಷ್ಟು ದೂರ ನಡೆದು ಬಂದಿದ್ದಳು ಅನ್ನಿಸುತ್ತದೆ.

ಅದಾಗಿ ತಿಂಗಳಿಗೇ ಕೊಳ್ಳೇಗಾಲದಲ್ಲಿ ಸುತ್ತಲ ಶಾಲೆಗಳ ಕ್ರೀಡಾಕೂಟ. ನಮ್ಮ ಶಾಲೆಯಿಂದ ಹುಡುಗಿಯರ ಟೀಮು ಹೊರಡುವುದು ಅದೇ ಮೊದಲು. ಮೈನೆರೆದ ಹುಡುಗಿಯನ್ನು ಮನೆಯಿಂದಲೇ ಕಳಿಸದ ಕಾಲ. ಒಬ್ಬೊಬ್ಬಳ ಅಪ್ಪನ ಎದುರೂ ನಾನು ಕೈಕಟ್ಟಿ ನಿಂತು ಒಪ್ಪಿಸಿದ್ದೆ. ಖೋಖೋಗೆ ಒಂಬತ್ತು ಜನ ಬೇಕು, ಸಿಕ್ಕಿದ್ದು ಮಾದುವೂ ಸೇರಿ ಸರಿಯಾಗಿ ಒಂಬತ್ತೇ. ಹೆಡ್ಮೇಷ್ಟ್ರೂ ಜೊತೆಗೆ ಹೊರಟರು, ಅಜ್ಜಿಯೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದಳು.

ಎಲ್ಲ ಟೀಮುಗಳನ್ನೂ ಒಂದು ಶಾಲೆಯಲ್ಲಿ ಇಳಿಸಿದ್ದರು. ನಮ್ಮ ಪಕ್ಕದ ಕೋಣೆಯಲ್ಲಿ ಯಳಂದೂರು ಕಡೆಯ ಒಂದು ಶಾಲೆಯ ಹುಡುಗಿಯರು. ಮಾರನೆಯ ದಿನ ನಮ್ಮ ಎದುರಾಳಿಗಳು ಅವರೇ. ಸಂಜೆ ನಾನು ನೋಡುವಾಗ ಅವರ ನಾಯಕಿ ಗೌರಿ ಎಂಬ ಕಪ್ಪನೆಯ ಎತ್ತರದ ಹುಡುಗಿ ಮಾದುವನ್ನು ಮುಂದೆ ಕೂರಿಸಿಕೊಂಡು ಅವಳ ಬೋಳುತಲೆಗೆ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದಳು. “ಮುಡಿ ಕೊಟ್ ಮ್ಯಾಕೆ ಎಣ್ಣೆ ಅಚ್ಚುದ್ರೆ ಕೂದ್ಲು ದಟ್ವಾಗ್ ಬತ್ತದೆ ಕಣಮ್ಮಿ, ನಂಗೂ ಅಂಗೇ ಬಂದದ್ದು” ಎಂದು ತನ್ನ ಜಡೆ ಎತ್ತಿ ತೋರಿಸುತ್ತಿದ್ದಳು. ಹದಿನೆಂಟು ಹುಡುಗಿಯರೂ ಅಜ್ಜಿಯ ಬುತ್ತಿಗೆ ಕೈಹಾಕಿದ್ದರು.

ಅದನ್ನು ನೋಡಿ ಖುಷಿಯಾಗಿ ನಾನು ಟೀ ಕುಡಿಯಲು ಹೋದೆ. ಅಲ್ಲಿ ಬೇರೆ ಶಾಲೆಗಳ ಡ್ರಿಲ್ ಮೇಷ್ಟ್ರುಗಳು. ನನ್ನ ಹೆಸರು ನನಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. “ಓಹೋ, ಹನೂರಿನ ಗಿಣಿ ಮೇಷ್ಟ್ರು! ಒಂದು ಆಡಿ ತೋರ್ಸಿ ಸ್ವಾಮಿ.” ಅಷ್ಟೇ ಬೇಕಿತ್ತು. ಹೊಸ ಮೇಷ್ಟ್ರು ಸಾಲು ತಪ್ಪಿದ ಪ್ರಸಂಗವನ್ನು ಶುರುಮಾಡಿದೆ. ನನ್ನ ದನಿ, ಹೆಡ್ಮೇಷ್ಟರ ಮೂಗು, ಕನ್ನಡಕ ಒರೆಸುವುದು, ಅಜ್ಜಿಯ “ಅದೇಯ ಅದೇಯ”, ಎಲ್ಲ ಬಂತು. ನನ್ನನ್ನು ನಾನೇ ಹಂಗಿಸಿಕೊಳ್ಳುತ್ತಿದ್ದೇನೆ, ಅದರಲ್ಲಿ ತಪ್ಪೇನು ಅಂದುಕೊಂಡೆ. ತನ್ನನ್ನು ತಾನು ಗೇಲಿ ಮಾಡಿಕೊಳ್ಳುವವನು ಪಕ್ಕದಲ್ಲಿರುವವರ ಮೈಮೇಲೂ ಕೆಸರು ಹಾರಿಸುತ್ತಾನೆ ಅನ್ನುವುದು ಆ ವಯಸ್ಸಿಗೆ ಹೊಳೆಯುವುದಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬರು ನಗಲಿಲ್ಲ. ಗೌರಿಯ ಟೀಮಿನ ಮೇಷ್ಟ್ರು ಮಲ್ಲಪ್ಪನವರು. ಲೋಟ ಕೆಳಗಿಟ್ಟು ಕೇಳಿದರು: “ಅಂದ್ರೆ ನಾಳೆ ನಮ್ಮ ಹುಡುಗೀರ ಎದುರು ಆಡೋನು ಗಂಡು ಹುಡುಗ ಅನ್ನಿ.”

ನನ್ನ ಗಂಟಲಲ್ಲಿ ಎಷ್ಟೋ ಜನರ ದನಿಗಳಿದ್ದವು. ಒಂದೂ ಬರಲಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ಎರಡೂ ಟೀಮು ಸಾಲಾಗಿ ನಿಂತಾಗ ಮಲ್ಲಪ್ಪನವರು ಕೂಟದ ಅಧಿಕಾರಿಗಳ ಎದುರು ತಕರಾರು ಎತ್ತಿದರು. ಅವರನ್ನು ಕೆಟ್ಟವರು ಎನ್ನಲಾರೆ. “ಈ ಒಂಬತ್ತು ಜನದ ಅಪ್ಪಂದಿರ ಮನೆ ಬಾಗಿಲಿಗೆ ಅಲೆದು ಕರ್ಕೊಂಡು ಬಂದಿದ್ದೀನಿ ಸ್ವಾಮಿ. ಹುಡುಗರ ಜೊತೆ ಆಡಿಸಲ್ಲ ಅಂತ ಮಾತು ಕೊಟ್ಟಿದ್ದೀನಿ. ನನ್ನ ಮಕ್ಕಳಿಗೆ ನ್ಯಾಯ ಬೇಡ್ವೇ?” ಎಂದರು. ಅಂಥದೇ ಬಾಗಿಲುಗಳಿಗೆ ನಾನೂ ಅಲೆದವನು.

ಅಧಿಕಾರಿಗಳು ನಂಜುಂಡಪ್ಪನವರ ಕಡೆ ತಿರುಗಿದರು. “ಇದು ಗಂಡೋ ಹೆಣ್ಣೋ?”

ಹೆಡ್ಮೇಷ್ಟ್ರು ಕನ್ನಡಕ ತೆಗೆದರು. “ನಮ್ಮ ಶಾಲೆ ಮಗು” ಎಂದರು. “ಏನಪ್ಪಾ ಅಂತಂದ್ರೆ” ಇಲ್ಲದೆ ಅವರು ಮೇಲಿನವರಿಗೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಅದು ಉತ್ತರ ಆಗಲಿಲ್ಲ. ಡ್ರಿಲ್ ಮೇಷ್ಟ್ರೆ, ನೀವು ಹೇಳಿ.”

“ಸರ್, ಅವಳನ್ನ ಹುಡುಗಿಯರ ಸಾಲಿಗೆ ಕಳಿಸಿದೋನು ನಾನು. ಅವಳು ಅಲ್ಲೇ ಸೇರಿದೋಳು. ನಿನ್ನೆ ಟೀ ಅಂಗಡೀಲಿ ಬಾಯಿ ಹರಿಬಿಟ್ಟಿದ್ದು ನನ್ನ ತಪ್ಪು. ಶಿಕ್ಷೆ ಕೊಡೋದಾದ್ರೆ ನಂಗೆ ಕೊಡಿ.”

“ಶಿಕ್ಷೆ ಮಾತಲ್ಲ ಇದು. ಆಸ್ಪತ್ರೆಗೆ ಕಳ್ಸೋಣ. ನೋಡಿ ಹೇಳ್ಲಿ. ಆಮೇಲೆ ಆಟ.”

ಆಸ್ಪತ್ರೆ ಅನ್ನುವ ಮಾತಿಗೆ ಮಾದು ಎರಡು ಕೈಯಲ್ಲೂ ಲಂಗದ ನೆರಿಗೆ ಹಿಡಿದುಕೊಂಡಳು. ಅಜ್ಜಿ ಮೈದಾನದ ಅಂಚಿನಿಂದ ಎದ್ದು ಬರುತ್ತಿದ್ದಳು. ಮಾದು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದಳು: “ಬ್ಯಾಡ ಬುಡಿ ಸಾ. ನಾ ಮನ್ಗೆ ಓಯ್ತೀನಿ. ನಾಳಿಂದ ಇಸ್ಕೂಲ್ಗೂ ಬರಾಕಿಲ್ಲ.” ಚಿಕ್ಕತಾಯಿ ಅವಳ ತೋಳು ಹಿಡಿದುಕೊಂಡಳು. ಹಿಡಿದರೂ ಆ ಹನ್ನೆರಡರ ಕೂಸು ಹೋಗಲು ತಿರುಗಿಯೇಬಿಟ್ಟಿತ್ತು.

ಆಗ ಒಂದು ಮಾತು ಬಂತು, ನಾವ್ಯಾರೂ ಎದುರುನೋಡದ ಕಡೆಯಿಂದ. ಅದು ಮುಗಿದ ಮೇಲೆ ಅಧಿಕಾರಿಗಳು ಟೋಪಿ ತೆಗೆದು, ಒಳಗೆ ನೋಡಿ, ಮತ್ತೆ ಹಾಕಿಕೊಂಡು, “ಹೂಂ, ಟಾಸ್ ಹಾಕಿ, ಬಿಸಿಲೇರುತ್ತೆ” ಎಂದರು. ಮಲ್ಲಪ್ಪನವರು ತಾವೇ ಹೋಗಿ ಅಂಕಣದ ತುದಿಯ ಕಂಬ ಸರಿಯಾಗಿ ನೆಟ್ಟಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಗೆದ್ದವರು ಅವರೇ. ನಮ್ಮ ಮಾದು ಬೇಗನೆ ಔಟಾದಳು, ಅಟ್ಟುವಾಗ ಒಬ್ಬಳನ್ನೂ ಹಿಡಿಯಲಿಲ್ಲ. ಆದರೆ ಪ್ರತಿ ಖೋಗೂ ಅವಳ ಬೆನ್ನಿನ ಮೇಲೆ ಒಂದು ಕೈ ಬಿತ್ತು. ಏಳನೇ ಕ್ಲಾಸು ಮುಗಿಸಿ ಅವಳು ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಎಪ್ಪತ್ತನೇ ಇಸವಿಯ ಆಚೆ ನನಗೆ ಆ ಊರಿಗೇ ವರ್ಗವಾದಾಗ ಬೀದಿಯಲ್ಲಿ ನನ್ನನ್ನು ಕಂಡರೆ ಸಾಕು, ಎದೆಯುಬ್ಬಿಸಿ “ಸಾವಧಾನ್!” ಎಂದು ನನ್ನದೇ ದನಿಯಲ್ಲಿ ಕೂಗುತ್ತಿದ್ದಳು. ನನಗಿಂತ ಚೆನ್ನಾಗಿ. ಜಡೆ ಮೊಳಕಾಲು ಮುಟ್ಟುತ್ತಿತ್ತು. ಗೌರಿಯ ಎಣ್ಣೆ ಫಲಿಸಿತ್ತು.

ಈಗ ಇಂಥದ್ದಕ್ಕೆ ರಕ್ತಪರೀಕ್ಷೆ, ಸಮಿತಿ, ಕೋರ್ಟು ಎಲ್ಲ ಇವೆಯಂತೆ. ದೊಡ್ಡ ಮೈದಾನಗಳ ನ್ಯಾಯ ದೊಡ್ಡವರಿಗೆ ಗೊತ್ತು. ಮಲ್ಲಪ್ಪನವರ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ನೀವು ವಿಷಲ್ ಕೊರಳಿಗೆ ಹಾಕಿಕೊಂಡು ಹೋಗುತ್ತಿದ್ದೀರಿ, ನಿಮ್ಮ ಸಾಲಿನ ತುದಿಯಲ್ಲೂ ಯಾರಾದರೂ ನಿಂತಿರುತ್ತಾರೆ. ಅವರನ್ನು ಕೇಳಿ. ಕೇಳಿದ್ದನ್ನು ಟೀ ಅಂಗಡಿಗೆ ಒಯ್ಯಬೇಡಿ.

ಅವತ್ತು ಮೈದಾನದಲ್ಲಿ ಆ ಮಾತು ಆಡಿದವಳು ಗೌರಿ. ಎದುರು ಟೀಮಿನ ಸಾಲಿನಿಂದ ಎರಡು ಹೆಜ್ಜೆ ಮುಂದೆ ಬಂದು, ತನ್ನ ಮೇಷ್ಟರನ್ನೂ ಅಧಿಕಾರಿಗಳನ್ನೂ ಒಟ್ಟಿಗೆ ನೋಡಿದಳು. ನಾನು ಎಷ್ಟೋ ಜನರ ದನಿ ಆಡಿ ತೋರಿಸಿದ್ದೇನೆ, ಇದೊಂದನ್ನು ಎಂದೂ ಮುಟ್ಟಿಲ್ಲ. ಬರೆದು ಮಾತ್ರ ತೋರಿಸುತ್ತೇನೆ:

“ಕಳ್ಸಿ ಸಾ. ಅವಳೊಬ್ಬುಳ್ನೇ ಯಾಕೆ, ನಮ್ ಅದಿನೆಂಟು ಜನುನ್ನೂ ಆಸ್ಪತ್ರೆಗೆ ಕಳ್ಸಿ. ಆದ್ರೆ ಅದ್ಕೂ ಮೊದ್ಲು ನಮ್ಮಪ್ಪಂದೀರ್ನೆಲ್ಲ ಇಲ್ಲಿಗ್ ಕರ್ಸಿ, ಅವರ್ ಮುಂದೆ ನಿಂತ್ಕಂಡು ಈಗ ‘ನೋಡಿ ಹೇಳ್ಲಿ’ ಅಂದ್ರಲ್ಲ, ಅದೇ ಮಾತ ಇನ್ನೊಂದ್ಸಲ ಅನ್ನಿ.”